ನಮ್ಮ ಪ್ರತಿನಿಧಿಗಳ ನಿಲುವೇನು?

ರಸ್ತೆಯ ಗುಂಡಿ ಮುಚ್ಚಿಸಬೇಕೆಂದು ಕೇಳಿದರೆ ಜನಪ್ರತಿನಿಧಿಗಳ ಬಳಿ ಉತ್ತರ ಸಿದ್ಧವಾಗಿರುತ್ತದೆ. ಅಂದಾಜುಪಟ್ಟಿ ತಯಾರಾಗಿದೆ, ಮಳೆಗಾಲ ಕಳೆಯಲಿ, ಹಣ ಬಿಡುಗಡೆಯಾಗಲಿ ಎನ್ನುತ್ತಾರೆ. ಹೊಳೆಗೆ ತಡೆಗೋಡೆ, ಶಾಲೆಗೆ ಕೊಠಡಿ, ಸಮುದಾಯ ಭವನಕ್ಕೆ ಅನುದಾನ ಎಂಬ ಮಾತುಗಳಲ್ಲಿಯೂ ಯಾವ ಪಕ್ಷದವರೂ ಹಿಂದೆ ಬೀಳುವುದಿಲ್ಲ. ಆದರೆ ಕೂಲಿಕಾರರ ಕಾಯಿದೆಗಳನ್ನು ಬದಲಿಸಿದ್ದು ಸರಿಯೇ, ಹೊರದೇಶದ ಮೆಣಸು ಒಳಬರುವುದಕ್ಕೆ ಲಗಾಮು ಬೇಡವೇ, ಸಣ್ಣ ಅಂಗಡಿಯವನ ತೆರಿಗೆಯ ಲೆಕ್ಕ ಹೇಗಿರಬೇಕು ಎಂದು ಕೇಳಿದೊಡನೆ ಮಾತಿನ ಧಾಟಿಯೇ ಬದಲಾಗುತ್ತದೆ. ಅದು ದಿಲ್ಲಿಯ ವಿಷಯ, ನಮ್ಮ ಕೈಯಲ್ಲಿ ಇಲ್ಲ ಎಂಬ ಮಾತು ಬರುತ್ತದೆ. ಇಲ್ಲವೇ ನಗು ಬರುತ್ತದೆ. ಅದೂ ಇಲ್ಲವಾದರೆ ಕಾರು ಹೊರಡುತ್ತದೆ.

ದಿಲ್ಲಿಯಲ್ಲಿ ತೀರ್ಮಾನವಾದುದು ದಿಲ್ಲಿಯಲ್ಲಿಯೇ ಉಳಿಯುವುದಾಗಿದ್ದರೆ ಈ ಉತ್ತರವನ್ನು ನಾವೂ ಒಪ್ಪುತ್ತಿದ್ದೆವು. ಹಾಗಾಗುತ್ತಿಲ್ಲ. ಅಲ್ಲಿ ಮಾಡಿದ ಕಾಯಿದೆ ನಾಪೋಕ್ಲಿನ ಲೈನ್ ಮನೆಯೊಳಗೆ ಬರುತ್ತದೆ. ಅಲ್ಲಿ ಸಹಿಯಾದ ಒಪ್ಪಂದ ಕಕ್ಕಬ್ಬೆಯ ಮೆಣಸಿನ ಬಳ್ಳಿಯ ಬುಡಕ್ಕೆ ಬರುತ್ತದೆ. ಅಲ್ಲಿ ಗೊತ್ತುಮಾಡಿದ ತೆರಿಗೆ ಪೇಟೆಯ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬರುತ್ತದೆ. ಬರುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ. ಬಂದ ಮೇಲೆ ನಾವು ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ.

ಕೇಳಬೇಕಾದವರು ಯಾರೆಂಬುದನ್ನು ಮೊದಲು ಹೇಳಿಬಿಡೋಣ. ನಾಪೋಕ್ಲು ವಿರಾಜಪೇಟೆ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. 2023ರ ಚುನಾವಣೆಯಲ್ಲಿ ಇಲ್ಲಿಂದ ಆರಿಸಿ ಬಂದವರು ಕಾಂಗ್ರೆಸ್ಸಿನ ಶ್ರೀ ಎ. ಎಸ್. ಪೊನ್ನಣ್ಣನವರು, ವಕೀಲರು, ಕಾಯಿದೆ ಬಲ್ಲವರು. 2024ರಲ್ಲಿ ಮೈಸೂರು-ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಹೋದವರು ಭಾರತೀಯ ಜನತಾ ಪಕ್ಷದ ಶ್ರೀ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರವರು, ವಿದ್ಯಾವಂತರು, ರಾಜಮನೆತನದವರು. ಒಬ್ಬರದು ಒಂದು ಪಕ್ಷ, ಇನ್ನೊಬ್ಬರದು ಮತ್ತೊಂದು. ಇವರಿಬ್ಬರನ್ನೂ ದೂಷಿಸುವುದಕ್ಕಾಗಿ ನಾವು ಲೇಖನಿ ಹಿಡಿದಿಲ್ಲ. ದೇಶದ ನೀತಿಯ ಬಗ್ಗೆ ತಮ್ಮ ನಿಲುವನ್ನು ಮತದಾರರ ಮುಂದೆ ಬಿಚ್ಚಿ ಹೇಳುವುದು ಪ್ರತಿನಿಧಿಯಾದವರ ಮೊದಲ ಕೆಲಸ. ಅದನ್ನು ಹೇಳಿಸುವುದು ನಮ್ಮ ಕೆಲಸ. ಇಷ್ಟನ್ನು ಹೇಳುವುದೇ ಈ ಸಂಪಾದಕೀಯದ ಉದ್ದೇಶ.

ಕೊಡಗಿಗೆ ಇದು ಹೊಸ ಪದ್ಧತಿಯೇನೂ ಅಲ್ಲ. 1952ರ ಪ್ರಥಮ ಮಹಾಚುನಾವಣೆಯನ್ನು ನೆನೆಯೋಣ. ಆಗ ಕೊಡಗು ಪ್ರತ್ಯೇಕವಾದ 'ಸಿ' ದರ್ಜೆಯ ರಾಜ್ಯ. 24 ಸ್ಥಾನಗಳ ತನ್ನದೇ ಶಾಸನಸಭೆ ಇತ್ತು. ಲೋಕಸಭೆಯಲ್ಲಿ ತನ್ನದೇ ಒಂದು ಸ್ಥಾನವೂ ಇತ್ತು. ಭಾಷೆಗನುಗುಣವಾಗಿ ರಾಜ್ಯಗಳನ್ನು ಮಾಡಬೇಕೇ ಎಂಬ ಪ್ರಶ್ನೆ ಇಡೀ ದೇಶವನ್ನು ಕಲಕುತ್ತಿದ್ದ ಕಾಲ ಅದು. ಕೊಡಗು ಮೈಸೂರಿನೊಡನೆ ಸೇರಬೇಕೆಂದು ಶ್ರೀ ಸಿ. ಎಂ. ಪೂಣಚ್ಚನವರ ಮುಂದಾಳುತನದ ಕಾಂಗ್ರೆಸ್ ಹೇಳಿತು. ಸೇರಕೂಡದೆಂದು ಗಾಂಧೀವಾದಿ ಪಂದ್ಯಂಡ ಬೆಳ್ಯಪ್ಪನವರ ಮುಂದಾಳುತನದ ತಕ್ಕಡಿ ಪಕ್ಷ ಹೇಳಿತು. ಎರಡು ಕಡೆಯವರೂ ತಮ್ಮ ಮಾತನ್ನು ಮುಚ್ಚಿಡಲಿಲ್ಲ. 'ಗೆದ್ದ ಮೇಲೆ ನೋಡೋಣ' ಎನ್ನಲಿಲ್ಲ. ಕಾಂಗ್ರೆಸ್ಸಿಗೆ 15 ಸ್ಥಾನ, ಅದರ ಎದುರಾಳಿಗಳಿಗೆ 9 ಸ್ಥಾನ ಬಂದವು. ಪೂಣಚ್ಚನವರು ಮುಖ್ಯಮಂತ್ರಿಯಾದರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಡನೆ ಸೇರಿತು.

ಸೇರಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಮನೆಗಳ ಜಗಲಿಯ ಮೇಲೆ ಇಂದಿಗೂ ನಡೆಯುತ್ತಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದು ನಮ್ಮ ಉದ್ದೇಶವಲ್ಲ. ನಾವು ಹೇಳುವುದಿಷ್ಟೇ: ಅಂದು ಮತದಾರನಿಗೆ ತಾನು ಯಾವುದಕ್ಕೆ ಮತ ಹಾಕುತ್ತಿದ್ದೇನೆಂಬುದು ಗೊತ್ತಿತ್ತು. ವಯಸ್ಕರೆಲ್ಲರಿಗೂ ಮತ ಸಿಕ್ಕಿದ ಮೊದಲ ಚುನಾವಣೆ ಅದು. ತೋಟದ ಧಣಿಯ ಮತಕ್ಕೂ ಲೈನ್ ಮನೆಯ ಎರವನ ಮತಕ್ಕೂ ತೂಕ ಒಂದೇ ಆಗಿತ್ತು. ಸೋತವರೂ ತಮ್ಮ ನಿಲುವಿಗಾಗಿ ಸೋತರು, ಗೆದ್ದವರೂ ತಮ್ಮ ನಿಲುವಿಗಾಗಿ ಗೆದ್ದರು. ಈಗಿನ ಚುನಾವಣೆಗಳಲ್ಲಿ ಗೆಲ್ಲುವವರು ಯಾವುದಕ್ಕಾಗಿ ಗೆಲ್ಲುತ್ತಾರೆಂದು ಯಾರಾದರೂ ಎದೆ ಮುಟ್ಟಿಕೊಂಡು ಹೇಳಬಲ್ಲರೇ?

ಇನ್ನು ನಮ್ಮ ಪ್ರಶ್ನೆಗಳಿಗೆ ಬರೋಣ.

ಮೊದಲನೆಯದು ಪ್ರಾತಿನಿಧ್ಯದ ಪ್ರಶ್ನೆ. 1951ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 2,29,405, ಶಾಸಕರು 24. ಅಂದರೆ ಸುಮಾರು ಒಂಬತ್ತೂವರೆ ಸಾವಿರ ಜನಕ್ಕೆ ಒಬ್ಬರು. 2011ರ ಜನಗಣತಿಯಲ್ಲಿ ಜನಸಂಖ್ಯೆ 5,54,519, ಶಾಸಕರು ಇಬ್ಬರು. ಅಂದರೆ ಎರಡೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನಕ್ಕೆ ಒಬ್ಬರು. ದೊಡ್ಡ ರಾಜ್ಯದೊಳಗೆ ಸೇರಿದ ಮೇಲೆ ಸಂಖ್ಯೆ ಇಳಿಯುವುದು ಸಹಜ, ಅದನ್ನು ಒಪ್ಪೋಣ. ಆದರೆ 2008ರ ಕ್ಷೇತ್ರ ಮರುವಿಂಗಡಣೆಯವರೆಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ಕ್ಷೇತ್ರಗಳಿದ್ದವು. ಆಮೇಲೆ ಸೋಮವಾರಪೇಟೆ ಹೋಯಿತು. ಏಕೆ ಹೋಯಿತು? ರಾಜ್ಯದ ಬೇರೆ ಕಡೆ ಜನಸಂಖ್ಯೆ ಬೆಳೆಯಿತು, ಕೊಡಗಿನಲ್ಲಿ ಬೆಳೆಯಲಿಲ್ಲ. 2001ರಿಂದ 2011ರವರೆಗೆ ಇಡೀ ಕರ್ನಾಟಕ ನೂರಕ್ಕೆ 15ಕ್ಕಿಂತ ಹೆಚ್ಚು ಬೆಳೆದರೆ ಕೊಡಗು ನೂರಕ್ಕೆ ಒಂದರಷ್ಟು ಮಾತ್ರ ಬೆಳೆಯಿತು. ಹತ್ತು ವರ್ಷದಲ್ಲಿ ಹೆಚ್ಚಿದವರು ಆರು ಸಾವಿರವೂ ಇಲ್ಲ.

ಲೋಕಸಭೆಯ ಮಾತೂ ಹಾಗೆಯೇ. 1952ರಲ್ಲಿ ಒಂದು ಪೂರ್ತಿ ಕ್ಷೇತ್ರವಾಗಿದ್ದ ಕೊಡಗು ಬಹುಕಾಲ ಮಂಗಳೂರು ಕ್ಷೇತ್ರದ ಬಾಲವಾಗಿತ್ತು. 2008ರ ನಂತರ ಮೈಸೂರು ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ಎರಡಾಗಿದೆ. 1967ರಲ್ಲಿ ಪೂಣಚ್ಚನವರೇ ಮಂಗಳೂರಿನಿಂದ ಗೆದ್ದು ಕೇಂದ್ರದ ರೈಲ್ವೆ ಮಂತ್ರಿಯಾದರು. ಕೊಡಗಿನ ಮಗ ರೈಲ್ವೆ ಮಂತ್ರಿಯಾದರೂ ಕೊಡಗಿಗೆ ರೈಲು ಬರಲಿಲ್ಲ. ಇದನ್ನು ಅವರ ಮೇಲಿನ ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಬೆಟ್ಟ ಹತ್ತುವ ರೈಲಿಗೆ ಅದರದೇ ಕಷ್ಟಗಳಿವೆ. ನಮ್ಮವರಿಗೆ ದೊಡ್ಡ ಪದವಿ ಬಂದರೆ ನಮ್ಮ ಕೆಲಸ ತಾನಾಗಿ ಆಗುತ್ತದೆಂದು ಹೂಮಾಲೆ ಹಿಡಿದು ನಿಲ್ಲುವ ನಮ್ಮವರೇ ಕೆಲವರಿಗೆ ಇದನ್ನು ನೆನಪಿಸುತ್ತಿದ್ದೇವೆ.

ಈಗ ಇದೇ ಪ್ರಶ್ನೆ ಇಡೀ ದೇಶದ ಮುಂದೆ ಬಂದಿದೆ. 1976ರ 42ನೇ ತಿದ್ದುಪಡಿ ರಾಜ್ಯಗಳ ಲೋಕಸಭಾ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2026ರ ನಂತರದ ಮೊದಲ ಜನಗಣತಿಯವರೆಗೆ ಆ ಕಟ್ಟು ಇರಲಿ ಎಂದು 84ನೇ ತಿದ್ದುಪಡಿ ಹೇಳಿತು. ತಲೆ ಎಣಿಸಿ ಸ್ಥಾನ ಹಂಚಿದರೆ, ಸಂತಾನ ನಿಯಂತ್ರಣದ ನೀತಿಯನ್ನು ನಂಬಿ ನಡೆದ ದಕ್ಷಿಣದ ರಾಜ್ಯಗಳಿಗೆ ನಷ್ಟವೆಂದು 2025ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ಸಭೆ ಸೇರಿತು. ಕರ್ನಾಟಕದ ಉಪಮುಖ್ಯಮಂತ್ರಿ ಶ್ರೀ ಡಿ. ಕೆ. ಶಿವಕುಮಾರರೂ ಅಲ್ಲಿ ಕುಳಿತಿದ್ದರು. ಬಹಳ ಒಳ್ಳೆಯದು. ಆದರೆ ದಿಲ್ಲಿ ಕರ್ನಾಟಕಕ್ಕೆ ಮಾಡಬಾರದೆಂದು ಹೇಳುವುದನ್ನು ಬೆಂಗಳೂರು ಕೊಡಗಿಗೆ ಮಾಡಬಹುದೇ? ಶಾಸಕರಾದ ಪೊನ್ನಣ್ಣನವರು ಇದಕ್ಕೆ ಉತ್ತರ ಹೇಳಬೇಕು. ಹಾಗೆಯೇ, ಕೊಡಗು ಅನುಭವಿಸಿದ ನಷ್ಟವನ್ನು ಕಣ್ಣಾರೆ ಕಂಡ ಮೇಲೆ ಅದೇ ತಲೆ ಎಣಿಕೆ ಕರ್ನಾಟಕಕ್ಕೆ ಸಮ್ಮತವೇ ಎಂದು ಸಂಸತ್ ಸದಸ್ಯರು ಹೇಳಬೇಕು. ಒಬ್ಬನಿಗೆ ಒಂದೇ ಮತ, ಎಲ್ಲ ಮತಕ್ಕೂ ಒಂದೇ ಬೆಲೆ ಎಂಬ ತತ್ವವನ್ನು ನಾವು ಬಿಡುವವರಲ್ಲ. ಆದರೆ ಸರಕಾರ ಹೇಳಿದ ನೀತಿಯನ್ನು ಪಾಲಿಸಿದವರಿಗೆ ದಂಡ, ಪಾಲಿಸದವರಿಗೆ ಬಹುಮಾನ ಎಂದರೆ ಅದು ಸಮತೆಯಲ್ಲ. ಇವೆರಡನ್ನೂ ಹೇಗೆ ಸರಿದೂಗಿಸಬೇಕೆಂದು ಯೋಚಿಸಿ ಹೇಳುವುದಕ್ಕಾಗಿಯೇ ನಾವು ಪ್ರತಿನಿಧಿಗಳನ್ನು ಕಳಿಸಿರುವುದು.

ಎರಡನೆಯದು ದುಡಿಮೆಗಾರರ ಪ್ರಶ್ನೆ. ನಮ್ಮ ಓದುಗರಲ್ಲಿ ಅರ್ಧದಷ್ಟು ಜನರ ಹೊಟ್ಟೆಯ ಪ್ರಶ್ನೆಯೂ ಇದೇ.

29 ಕಾರ್ಮಿಕ ಕಾಯಿದೆಗಳನ್ನು ಅಳಿಸಿ ನಾಲ್ಕು ಸಂಹಿತೆಗಳನ್ನು ಮಾಡಲಾಯಿತು. ವೇತನ ಸಂಹಿತೆ 2019ರಲ್ಲಿ ಬಂತು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಉದ್ಯೋಗ ಸುರಕ್ಷತೆ ಇವುಗಳ ಸಂಹಿತೆಗಳು 2020ರ ಸೆಪ್ಟೆಂಬರಿನಲ್ಲಿ, ವಿರೋಧ ಪಕ್ಷಗಳು ಸಭೆಯನ್ನು ಬಹಿಷ್ಕರಿಸಿದ್ದ ದಿನ, ರಾಜ್ಯಸಭೆಯಲ್ಲಿ ಪಾಸಾದವು. 2025ರ ನವೆಂಬರ್ 21ರಂದು ನಾಲ್ಕೂ ಜಾರಿಗೆ ಬಂದವೆಂದು ಸರಕಾರ ಸಾರಿತು. ಇವುಗಳಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾವು ಹೇಳುವುದಿಲ್ಲ. ಎಲ್ಲ ಕೆಲಸಗಾರರಿಗೂ ನೇಮಕದ ಪತ್ರ ಕೊಡಬೇಕೆಂದಿದೆ. ಇಡೀ ದೇಶಕ್ಕೆ ಒಂದು ತಳಮಟ್ಟದ ಕೂಲಿ ಗೊತ್ತುಮಾಡಬೇಕೆಂದಿದೆ. ನಿಗದಿತ ಅವಧಿಗೆ ಸೇರಿದವನಿಗೆ ಒಂದು ವರ್ಷಕ್ಕೇ ಗ್ರಾಚುಯಿಟಿ ಎಂದಿದೆ. ಇವು ಕಾಗದದಿಂದ ಕೈಗೆ ಬಂದರೆ ಸ್ವಾಗತ.

ಆದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡದ್ದನ್ನೂ ನೋಡಬೇಕು. ಹಳೆಯ ಕಾಯಿದೆಯಂತೆ 100 ಮಂದಿ ಕೆಲಸಗಾರರಿದ್ದ ಕಾರ್ಖಾನೆಯಾಗಲಿ ತೋಟವಾಗಲಿ ಕೆಲಸಗಾರರನ್ನು ತೆಗೆಯಬೇಕಾದರೆ, ಬಾಗಿಲು ಮುಚ್ಚಬೇಕಾದರೆ ಸರಕಾರದ ಅಪ್ಪಣೆ ಪಡೆಯಬೇಕಾಗಿತ್ತು. ಹೊಸ ಸಂಹಿತೆ ಆ ಸಂಖ್ಯೆಯನ್ನು 300ಕ್ಕೆ ಏರಿಸಿದೆ. ಕೊಡಗಿನಲ್ಲಿ ದೊಡ್ಡ ಕಂಪನಿಗಳ ತೋಟಗಳನ್ನು ಬಿಟ್ಟರೆ 300 ಆಳುಗಳಿರುವ ತೋಟ ಎಷ್ಟಿವೆ? ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸುಗಳಲ್ಲಿ, ನಮ್ಮ ಅಕ್ಕಿ ಗಿರಣಿಗಳಲ್ಲಿ, ಮರದ ಮಿಲ್ಲುಗಳಲ್ಲಿ 300 ಜನ ದುಡಿಯುವುದು ಎಲ್ಲಿ? ರಕ್ಷಣೆ ಇದೆಯೆಂದು ಬೋರ್ಡು ಹಾಕಿ, ಬಾಗಿಲನ್ನು ಮಾತ್ರ ಆಳೆತ್ತರಕ್ಕಿಂತ ಮೇಲಿಟ್ಟಂತಾಯಿತು. ಮುಷ್ಕರ ಹೂಡಬೇಕಾದರೆ ಎಲ್ಲ ಉದ್ಯಮಗಳಲ್ಲಿಯೂ 14 ದಿನ ಮೊದಲೇ ನೋಟೀಸು ಕೊಡಬೇಕೆಂಬ ಕಟ್ಟಳೆಯೂ ಸೇರಿದೆ. ಕೆಲಸದಿಂದ ತೆಗೆಯುವವರಿಗೆ ದಾರಿ ಸಲೀಸಾಯಿತು. ಕೆಲಸ ನಿಲ್ಲಿಸಿ ಕೇಳುವವರಿಗೆ ದಾರಿ ದೂರವಾಯಿತು.

ತೋಟದ ಕೂಲಿಗಾರರಿಗೆ ಮನೆ, ಆಸ್ಪತ್ರೆ, ಶಿಶುವಿಹಾರ ಕೊಡಬೇಕೆಂದು ಕಡ್ಡಾಯ ಮಾಡಿದ್ದು 1951ರ ತೋಟ ಕಾರ್ಮಿಕರ ಕಾಯಿದೆ. ಅದು ಈಗ ಹೊಸ ಸಂಹಿತೆಯೊಳಗೆ ಕರಗಿದೆ. ಅದು ಇದ್ದಾಗಲೂ 5 ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ, 15 ಆಳಿಗಿಂತ ಕಡಿಮೆ ಇದ್ದ ತೋಟಕ್ಕೆ ತಾಗುತ್ತಿರಲಿಲ್ಲ. ಎಷ್ಟೋ ಎರವ, ಕುರುಬ ಕುಟುಂಬಗಳು ತಲೆಮಾರುಗಳಿಂದ ಲೈನ್ ಮನೆಯಲ್ಲೇ ಹುಟ್ಟಿ ಲೈನ್ ಮನೆಯಲ್ಲೇ ಸತ್ತಿವೆ. ಕೆಲಸ ಬಿಟ್ಟ ದಿನ ಸೂರೂ ಬಿಡಬೇಕು. ಸ್ವಂತ ಸೂರಿಗಾಗಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರನ್ನು 2016ರ ಡಿಸೆಂಬರಿನಲ್ಲಿ ಎಬ್ಬಿಸಿದುದನ್ನು ಕೊಡಗು ಮರೆತಿಲ್ಲ. ಈಗ ಅಸ್ಸಾಮಿನಿಂದ, ಬಂಗಾಳದಿಂದ, ಜಾರ್ಖಂಡಿನಿಂದ ಬಂದವರೂ ಅದೇ ಲೈನುಗಳಲ್ಲಿದ್ದಾರೆ. ಇವರಿಗೆ ಇಲ್ಲಿ ಮತವೂ ಇಲ್ಲ, ಸಂಘವೂ ಇಲ್ಲ. ಇಲ್ಲಿಯ ಕೂಲಿಗೂ ಅಲ್ಲಿಂದ ಬಂದ ಕೂಲಿಗೂ ಜಗಳ ಹಚ್ಚಿ ಇಬ್ಬರ ಕೂಲಿಯನ್ನೂ ಇಳಿಸುವವರ ಮಾತಿಗೆ ನಮ್ಮ ಬಂಧುಗಳು ಕಿವಿಗೊಡಬಾರದು.

ಸಂಹಿತೆಗಳನ್ನು ತಂದ ಪಕ್ಷಕ್ಕೆ ಸೇರಿದ ಸಂಸತ್ ಸದಸ್ಯರು, 300ರ ಗೆರೆ ಕೊಡಗಿನ ತೋಟಕ್ಕೆ ಹೊಂದುತ್ತದೆಯೇ ಎಂಬುದನ್ನು ಹೇಳಬೇಕು. ಇದು ದಿಲ್ಲಿಯ ವಿಷಯವೆಂದು ಶಾಸಕರೂ ತಪ್ಪಿಸಿಕೊಳ್ಳುವಂತಿಲ್ಲ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯದ ಮಟ್ಟದ ನಿಯಮಗಳನ್ನು ಮಾಡುವುದೂ ತೋಟದ ಕನಿಷ್ಠ ಕೂಲಿಯನ್ನು ಗೊತ್ತುಮಾಡುವುದೂ ಬೆಂಗಳೂರು. ಕಾರ್ಖಾನೆಯ ದಿನದ ಕೆಲಸವನ್ನು 12 ಗಂಟೆಯವರೆಗೆ ಎಳೆಯಬಹುದೆಂಬ ತಿದ್ದುಪಡಿಯನ್ನು 2023ರ ಫೆಬ್ರವರಿಯಲ್ಲಿ ಮಾಡಿದ್ದು ದಿಲ್ಲಿಯಲ್ಲ, ನಮ್ಮದೇ ವಿಧಾನಮಂಡಲ. ಆಗ ಅಧಿಕಾರದಲ್ಲಿದ್ದ ಪಕ್ಷ ಬೇರೆ. ಆ ತಿದ್ದುಪಡಿಯ ಬಗ್ಗೆ ಇಂದಿನ ಶಾಸಕರ ಅಭಿಪ್ರಾಯವೇನು?

ಮೂರನೆಯದು ಕಾಫಿ ಮತ್ತು ಮೆಣಸಿನ ಪ್ರಶ್ನೆ. ದೇಶದ ಕಾಫಿಯಲ್ಲಿ ಮೂರನೆಯ ಒಂದು ಪಾಲು ಕೊಡಗಿನದು. 1942ರ ಕಾಫಿ ಕಾಯಿದೆಯಂತೆ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮಂಡಳಿ ಹರಾಜು ಹಾಕಿ ಕಂತುಕಂತಾಗಿ ಹಣ ಕೊಡುತ್ತಿತ್ತು. ಹಣ ತಡವಾಗಿ ಬರುತ್ತದೆ, ಬೆಲೆ ಕಡಿಮೆ ಎಂಬ ದೂರು ಆಗ ಇದ್ದದ್ದು ನಿಜ. 1992ರಿಂದ ಹಂತಹಂತವಾಗಿ ಪೂಲನ್ನು ಸಡಿಲಿಸಿ 1996ರ ಹೊತ್ತಿಗೆ ಪೂರ್ತಿ ಬಿಟ್ಟುಕೊಟ್ಟರು. ಬೆಳೆಗಾರನಿಗೆ ಸ್ವಾತಂತ್ರ್ಯ ಬಂತು. ಅದರ ಜೊತೆಗೇ ಲಂಡನ್ ಮತ್ತು ನ್ಯೂಯಾರ್ಕಿನ ಪೇಟೆಯ ಧಾರಣೆ ನಾಪೋಕ್ಲಿನ ಕಣಕ್ಕೆ ಬಂತು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಧಾರಣೆ ನೆಲಕಚ್ಚಿದಾಗ ಬೆಳೆಗಾರ ಸಾಲದಲ್ಲಿ ಮುಳುಗಿದ. 2010ರಲ್ಲಿ ಕೇಂದ್ರ ಸರಕಾರ ಸಾಲ ಪರಿಹಾರ ಯೋಜನೆ ತರಬೇಕಾಯಿತು. ಬೆಳೆಗಾರನ ಸಾಲಕ್ಕೆ ಪರಿಹಾರ ಬಂತು. ಅದೇ ವರ್ಷಗಳಲ್ಲಿ ಕೆಲಸದ ದಿನಗಳನ್ನು ಕಳೆದುಕೊಂಡ ಕೂಲಿಗೆ ಯಾವ ಪರಿಹಾರ ಬಂತು? 2024-25ರ ಸುಗ್ಗಿಯಲ್ಲಿ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಆಗ ಹಣ್ಣು ಕುಯ್ಯುವ ಹೆಂಗಸಿನ ಕೈಗೆ ಆ ಏರಿಕೆಯಲ್ಲಿ ಎಷ್ಟು ಪಾಲು ಬಂತು? ಧಾರಣೆ ಇಳಿದಾಗ ನಷ್ಟದಲ್ಲಿ ಪಾಲು, ಏರಿದಾಗ ಲಾಭದಲ್ಲಿ ಪಾಲಿಲ್ಲ ಎಂಬ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಎರಡು ಎಕರೆಯ ಬೆಳೆಗಾರ ನಮ್ಮ ಶತ್ರುವಲ್ಲ. ಅವನೂ ಅಂಗಡಿಯಲ್ಲಿ ಸಾಲ ಬರೆಸುವವನೇ. ಅವನನ್ನು ಬದುಕಿಸುವುದು ಕರಿಮೆಣಸು. ಆ ಮೆಣಸಿಗೇ ಕಲ್ಲು ಬಿದ್ದಿದ್ದು ಹೊರಗಿನ ಸರಕಿನಿಂದ. ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂತು. ವಿಯೆಟ್ನಾಮಿನ ಅಗ್ಗದ ಮೆಣಸು ಶ್ರೀಲಂಕೆಯ ಹೆಸರಿನಲ್ಲಿ ಒಳನುಗ್ಗುತ್ತಿದೆಯೆಂದು ಬೆಳೆಗಾರರು ವರ್ಷಗಟ್ಟಲೆ ಕೂಗಿದ ಮೇಲೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ! ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಮೆಣಸಿನ ನಾಡಿನ ಪ್ರತಿನಿಧಿಗಳನ್ನು ಕೇಳಬೇಕೆಂಬ ಕಟ್ಟಳೆ ಬೇಕೇ ಬೇಡವೇ? ಮುಂದೆ ಆಗುವ ಒಪ್ಪಂದಗಳಲ್ಲಿ ಕಾಫಿ ಮೆಣಸುಗಳ ಬಗ್ಗೆ ಯಾವ ಷರತ್ತು ಬೇಕು? ಸಂಸತ್ ಸದಸ್ಯರ ಉತ್ತರಕ್ಕೆ ಕಾದಿದ್ದೇವೆ.

ನಾಲ್ಕನೆಯದು ಅಂಗಡಿಕಾರರ ಪ್ರಶ್ನೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯ ವ್ಯಾಪಾರಕ್ಕೆ 20 ಲಕ್ಷ ವಹಿವಾಟು ಮೀರಿದರೆ ನೋಂದಾಯಿಸಬೇಕು. 2025ರ ಜುಲೈಯಲ್ಲಿ ಏನಾಯಿತೆಂಬುದು ನಮ್ಮ ವ್ಯಾಪಾರಿ ಬಂಧುಗಳಿಗೆ ಹೇಳಬೇಕಾಗಿಲ್ಲ. ಯುಪಿಐ ಮೂಲಕ ಬಂದ ಹಣವನ್ನೆಲ್ಲ ಕೂಡಿಸಿ, ಬೇಕರಿಯವರಿಗೆ, ಕಾಂಡಿಮೆಂಟ್ಸ್ ಅಂಗಡಿಯವರಿಗೆ, ತರಕಾರಿ ಮಾರುವವರಿಗೆ ರಾಜ್ಯದ ತೆರಿಗೆ ಇಲಾಖೆಯಿಂದ ಲಕ್ಷಗಟ್ಟಲೆಯ ನೋಟೀಸುಗಳು ಹೊರಟವು. ತರಕಾರಿಗೆ, ಹಾಲಿಗೆ ತೆರಿಗೆಯೇ ಇಲ್ಲ. ಆದರೂ ಲೆಕ್ಕದಲ್ಲಿ ಅವೂ ಸೇರಿದವು. ಅಂಗಡಿಗಳ ಮುಂದಿನ ಯುಪಿಐ ಫಲಕಗಳು ಕೆಳಗಿಳಿದವು. ವ್ಯಾಪಾರಿಗಳು ಚಳುವಳಿ ಹೂಡಿದರು. ಮುಖ್ಯಮಂತ್ರಿಗಳು ಕರೆದು ಮಾತನಾಡಿ ಸರಕಾರ ಹಿಂದೆ ಸರಿಯಿತು.

ಅಂದು ಬೆಂಗಳೂರು ದಿಲ್ಲಿಯ ಕಡೆ ಬೆರಳು ತೋರಿಸಿತು, ದಿಲ್ಲಿ ಬೆಂಗಳೂರಿನ ಕಡೆ ತೋರಿಸಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ನಿಜ ಹೇಳಬೇಕೆಂದರೆ ಇಬ್ಬರೂ ಹೊಣೆಗಾರರು. ತೆರಿಗೆಯ ದರಗಳ ಬಗ್ಗೆ ಶಿಫಾರಸು ಮಾಡುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಎರಡು ಪಾಲು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗದು, ರಾಜ್ಯಗಳು ಒಪ್ಪದೆಯೂ ಆಗದು. ಆದುದರಿಂದ 'ನಮ್ಮ ಕೈಯಲ್ಲಿ ಇಲ್ಲ' ಎಂಬ ಮಾತು ಎರಡು ಕಡೆಯೂ ಸಲ್ಲದು. ಸಣ್ಣ ವ್ಯಾಪಾರಿಯ ಮಿತಿ ಏರಬೇಕೇ, ತೆರಿಗೆಯಿಲ್ಲದ ಸರಕನ್ನು ಲೆಕ್ಕದಿಂದ ಬಿಡಬೇಕೇ, ನೋಟೀಸಿಗೆ ಮೊದಲು ತಿಳಿವಳಿಕೆ ಕೊಡಬೇಕೇ ಎಂಬ ಮೂರು ವಿಷಯಗಳಲ್ಲಿ ಇಬ್ಬರ ಅಭಿಪ್ರಾಯವೂ ನಮಗೆ ಬೇಕು.

ಐದನೆಯದು ಬೆಟ್ಟದ ಪ್ರಶ್ನೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಊರುಗಳು ಮಣ್ಣಾದುದನ್ನು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವೇ ಜಾರಿದುದನ್ನು, ಮಳೆ ಜೋರಾದಾಗಲೆಲ್ಲ ಚೆರಿಯಪರಂಬಿನ ಹೊಳೆದಡದ ಮನೆಗಳವರು ಗಂಟುಮೂಟೆ ಕಟ್ಟುವುದನ್ನು ನಾವು ಕಂಡಿದ್ದೇವೆ. ಮಾಧವ ಗಾಡ್ಗೀಳರ ವರದಿ 2011ರಲ್ಲಿ, ಕಸ್ತೂರಿರಂಗನ್‌ರ ವರದಿ 2013ರಲ್ಲಿ ಬಂದವು. ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಸರಕಾರ 2014ರಿಂದ ಮತ್ತೆ ಮತ್ತೆ ಹೊರಡಿಸಿತು. ಆರನೆಯ ಕರಡು ಹೊರಬಿದ್ದದ್ದು 2024ರ ಜುಲೈ 31ರಂದು, ನೆರೆಯ ವಯನಾಡಿನ ಗುಡ್ಡ ಕುಸಿದ ಮರುದಿನ. ಅದನ್ನು ಒಪ್ಪುವುದಿಲ್ಲವೆಂದು ರಾಜ್ಯದ ಮಂತ್ರಿಮಂಡಲ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಈ ಒಂದು ವಿಷಯದಲ್ಲಿ ಮಾತ್ರ ನಮ್ಮಲ್ಲಿ ಪಕ್ಷಭೇದವಿಲ್ಲದೆ ಎಲ್ಲರೂ 'ಬೇಡ' ಎನ್ನುತ್ತಾರೆ.

ಬೇಡವೆನ್ನುವ ಮೊದಲು ಕರಡಿನಲ್ಲಿ ಏನಿದೆಯೆಂದು ಜನಕ್ಕೆ ಹೇಳಿದವರೆಷ್ಟು ಮಂದಿ? ಅದು ನಿಷೇಧಿಸುವುದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೆಚ್ಚು ಮಾಲಿನ್ಯದ ಕಾರ್ಖಾನೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳನ್ನು. ನಮ್ಮ ಬಂಧುಗಳಲ್ಲಿ ಯಾರ ಮನೆ 20,000 ಚದರ ಮೀಟರ್ ಇದೆ? ಸಣ್ಣ ರೈತನಿಗೂ ಹಾಡಿಯವನಿಗೂ ಅರಣ್ಯ ಇಲಾಖೆಯ ಕಾಟ ಹೆಚ್ಚೀತೆಂಬ ಭಯವಿದೆ. ಆ ಭಯಕ್ಕೆ ಕಾರಣವೂ ಇದೆ. ಆದರೆ ಬಡವನ ಭಯವನ್ನು ಮುಂದಿಟ್ಟುಕೊಂಡು ಅದರ ಮರೆಯಲ್ಲಿ ಗುಡ್ಡ ಅಗೆದು ರೆಸಾರ್ಟು ಕಟ್ಟುವವರು ಬಚಾವಾಗಬಾರದು. ಕರಡು ಬೇಡವೆನ್ನುವ ಪ್ರತಿನಿಧಿಗಳು ಅದರ ಬದಲು ಏನು ಬೇಕೆಂಬುದನ್ನು ಹೇಳಲಿ. ಯಾವ ಗುಡ್ಡ ಅಗೆಯಬಾರದು, ಯಾರ ಅಪ್ಪಣೆ ಬೇಕು, ಗ್ರಾಮಸಭೆಗೆ ಏನಧಿಕಾರ ಎಂಬುದನ್ನು ಬರೆದು ಕೊಡಲಿ.

ಇಷ್ಟನ್ನೆಲ್ಲ ಕೇಳಿದಾಗ ಒಂದು ನೆವ ಬರುವುದುಂಟು: 'ಪಕ್ಷದ ವಿಪ್ ಮೀರಿದರೆ ಸ್ಥಾನವೇ ಹೋಗುತ್ತದೆ, ನಮ್ಮ ಸ್ವಂತ ನಿಲುವಿಗೆ ಎಡೆಯೆಲ್ಲಿ?' 1985ರ 52ನೇ ತಿದ್ದುಪಡಿ ಪಕ್ಷಾಂತರವನ್ನು ತಡೆಯಲೆಂದು ಈ ಕಟ್ಟು ಹಾಕಿದ್ದು ನಿಜ. ಆದರೆ ಅದು ಕಟ್ಟಿರುವುದು ಸಭೆಯಲ್ಲಿ ಹಾಕುವ ಮತವನ್ನು. ಪಕ್ಷದ ಸಭೆಯಲ್ಲಿ ವಾದಿಸುವುದನ್ನು, ಸದನದಲ್ಲಿ ಪ್ರಶ್ನೆ ಕೇಳುವುದನ್ನು, ಮಂತ್ರಿಗೆ ಕಾಗದ ಬರೆಯುವುದನ್ನು, ನಾಪೋಕ್ಲಿಗೆ ಬಂದು ಮತದಾರರ ಮುಂದೆ ಮನಸ್ಸು ಬಿಚ್ಚುವುದನ್ನು ಯಾವ ತಿದ್ದುಪಡಿಯೂ ತಡೆದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಮನೆಗೆ ಸರಿ, ಶಾಸನಸಭೆಗಲ್ಲ.

ಒಬ್ಬನ ಮಾತಿನಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮದೇ ಮಲೆನಾಡಿನ ಉದಾಹರಣೆ ಇದೆ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ಪರವಾಗಿ ದುಡಿದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದು ಶಾಸನಸಭೆಗೆ ಹೋದರು. ಅವರ ಬೆನ್ನಿಗೆ ಬಹುಮತವಿರಲಿಲ್ಲ, ಮಂತ್ರಿಪದವಿಯಿರಲಿಲ್ಲ. ಉಳುವವನಿಗೇ ಭೂಮಿ ಎಂಬ ನಿಲುವು ಮಾತ್ರ ಇತ್ತು. ಅದನ್ನು ಅವರು ಸಭೆಯ ಒಳಗೂ ಹೊರಗೂ ಬಿಡದೆ ಹೇಳಿದರು. 1961ರಲ್ಲಿ ಭೂಸುಧಾರಣೆಯ ಕಾಯಿದೆ ಬಂತು. 1974ರಲ್ಲಿ ಅದಕ್ಕೆ ಹಲ್ಲು ಬಂತು. ಅಷ್ಟರಲ್ಲಿ ಗೋಪಾಲಗೌಡರು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಕಾಯಿದೆಯೂ ಕಾಫಿ ತೋಟಗಳನ್ನು ಮಿತಿಯಿಂದ ಬಿಟ್ಟಿತು. ಆದುದರಿಂದ ಲೈನ್ ಮನೆಯವನಿಗೆ ಅದರಿಂದ ಒಂದು ಗುಂಟೆಯೂ ಸಿಕ್ಕಲಿಲ್ಲ. ಅವನ ಪರವಾಗಿ ಹೇಳಬೇಕಾದ ಮಾತು ಇನ್ನೂ ಬಾಕಿ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದುದರಿಂದ ನಮ್ಮ ಸೂಚನೆ ಹೀಗಿದೆ. ತೋಟ ಕಾರ್ಮಿಕರ ಸಂಘಗಳು, ಗಿರಣಿ ಮತ್ತು ಕ್ಯೂರಿಂಗ್ ವರ್ಕ್ಸಿನ ಕೆಲಸಗಾರರು, ಪೇಟೆಯ ವರ್ತಕರು, ಸಣ್ಣ ಬೆಳೆಗಾರರು, ಹಾಡಿಗಳ ಮುಖಂಡರು ಒಟ್ಟಿಗೆ ಕುಳಿತು ಈ ಐದು ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆಯಲಿ. ಬೇರೆ ಪ್ರಶ್ನೆ ಇದ್ದರೆ ಸೇರಿಸಲಿ. ಒಂದು ಪ್ರತಿ ಶಾಸಕರಿಗೆ, ಒಂದು ಪ್ರತಿ ಸಂಸತ್ ಸದಸ್ಯರಿಗೆ ಹೋಗಲಿ. ಲಿಖಿತ ಉತ್ತರ ಕೇಳಲಿ; ಬಳಿಕ ನಾಪೋಕ್ಲಿನಲ್ಲಿ ಬಹಿರಂಗ ಸಭೆ ಕರೆದು ಇಬ್ಬರನ್ನೂ ಒಂದೇ ವೇದಿಕೆಗೆ ಆಮಂತ್ರಿಸಲಿ. ಹಾರ ಬೇಡ, ಪೇಟ ಬೇಡ, ಸ್ವಾಗತ ಭಾಷಣ ಬೇಡ. ಪ್ರಶ್ನೆ ಓದುವುದು, ಉತ್ತರ ಕೇಳುವುದು, ಇಷ್ಟೇ ಕಾರ್ಯಕ್ರಮ. ಅವರ ಉತ್ತರ ನಮಗೆ ಒಪ್ಪಿಗೆಯಾಗದಿದ್ದರೂ ಒಂದಕ್ಷರ ತಿದ್ದದೆ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕುತ್ತೇವೆ.

ಕೆಲಸಗಾರನ ಪ್ರಶ್ನೆ ಬೇರೆ, ಅಂಗಡಿಯವನ ಪ್ರಶ್ನೆ ಬೇರೆ ಎಂದು ಹೇಳಿ ನಮ್ಮನ್ನು ಬೇರೆ ಬೇರೆಯಾಗಿ ಸಮಾಧಾನಪಡಿಸಲು ಬರುವವರಿದ್ದಾರೆ. ಕೂಲಿಯ ಕೈಯಲ್ಲಿ ಕಾಸಿಲ್ಲದ ವಾರ ಅಂಗಡಿಯಲ್ಲಿ ವ್ಯಾಪಾರವಿಲ್ಲ; ಮೆಣಸಿನ ಧಾರಣೆ ಬಿದ್ದ ವರ್ಷ ಎರಡು ಕಡೆಯೂ ಕತ್ತಲೆ. ಇದು ನಮ್ಮ ಪೇಟೆಯಲ್ಲಿ ಎಲ್ಲರಿಗೂ ತಿಳಿದ ಲೆಕ್ಕ. ನಮ್ಮಿಂದ ಮತ ಪಡೆದು ಹೋದವರು ನಮ್ಮ ಪರವಾಗಿ ಏನು ಹೇಳುತ್ತಿದ್ದಾರೆ, ಏನು ಹೇಳದೆ ಬಿಟ್ಟಿದ್ದಾರೆ ಎಂಬುದನ್ನು ತಿಳಿಯುವ ಹಕ್ಕು ಮತಪತ್ರದ ಜೊತೆಗೇ ನಮಗೆ ಬಂದಿದೆ. ಆ ಹಕ್ಕನ್ನು ಐದು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಮತ್ತೆ ಒಳಗಿಡುವುದು ಬೇಡ. ಈ ತಿಂಗಳೇ ಕೇಳೋಣ.